ಪೆಟ್ರೋಲ್ ಕಾರಿನ ಪರಕಾಯ ಪ್ರವೇಶ

ಪೆಟ್ರೋಲ್ ಕಾರಿನ ಕಾಲ ಮುಗಿಯಿತು ಎಂದು ಲೋಕಕ್ಕೆ ಎಷ್ಟೋ ಸಲ ಸಾರಿ ಆಗಿದೆ. ತಿಥಿಯ ದಿನವೊಂದೇ ಗೊತ್ತಾಗುತ್ತಿಲ್ಲ. ಬ್ರಿಟನ್ನನ್ನು ನೋಡಿ. 2017ರಲ್ಲಿ ಅಲ್ಲಿನ ಸರ್ಕಾರ, ಹೊಸ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಮಾರಾಟ 2040ಕ್ಕೆ ಬಂದ್ ಎಂದಿತು. 2020ರ ಫೆಬ್ರುವರಿಯಲ್ಲಿ, ಅಷ್ಟು ಕಾಯುವುದೇಕೆ, 2035 ಇರಲಿ ಎಂದಿತು. ಅದೇ ನವೆಂಬರಿನಲ್ಲಿ ಉತ್ಸಾಹ ಉಕ್ಕಿ 2030ಕ್ಕೆ ಬಂತು. 2023ರಲ್ಲಿ ಮತ್ತೊಬ್ಬ ಪ್ರಧಾನಿಗೆ ಜನರ ಜೇಬಿನ ಮೇಲೆ ಕನಿಕರ ಹುಟ್ಟಿ ಪುನಃ 2035 ಆಯಿತು. ಸರ್ಕಾರ ಬದಲಾಯಿತು, ಮತ್ತೆ 2030. ಆದರೆ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್‌ಗಳಿಗೆ 2035ರವರೆಗೆ ಜೀವದಾನ. ವೈದ್ಯರಿಂದ ಇಷ್ಟು ಸಲ ಗಡುವು ಪಡೆದ ರೋಗಿ ಎದ್ದು ಕುಳಿತು ವೈದ್ಯರ ಯೋಗಕ್ಷೇಮವನ್ನೇ ವಿಚಾರಿಸಿಯಾನು.

ಐರೋಪ್ಯ ಒಕ್ಕೂಟವೂ 2035 ಎಂದು ಬರೆದುಕೊಂಡಿತು. ಇನ್ನೇನು ಸಹಿ ಬೀಳಬೇಕು ಎನ್ನುವಾಗ, 2023ರ ಮಾರ್ಚ್‌ನಲ್ಲಿ ಜರ್ಮನಿ ಹಟ ಹಿಡಿಯಿತು: ಕೃತಕ ಇಂಧನದ ಕಾರುಗಳಿಗೆ ಒಂದು ಕಿಂಡಿ ಬಿಡಿ. ಆ ಇಂಧನದ ಮಹಿಮೆ ಕೇಳಿ. ನೀರಿನಿಂದ ಜಲಜನಕವನ್ನು ಬೇರ್ಪಡಿಸಬೇಕು, ಎಲ್ಲಿಂದಲೋ ಇಂಗಾಲದ ಡೈಆಕ್ಸೈಡನ್ನು ಹಿಡಿದು ತರಬೇಕು, ಎರಡನ್ನೂ ಧಾರಾಳ ವಿದ್ಯುತ್ ಸುರಿದು ಕೂಡಿಸಿ ಎಣ್ಣೆ ಮಾಡಬೇಕು, ಕೊನೆಗೆ ಅದನ್ನು ಎಂಜಿನ್ನಿನಲ್ಲಿ ಸುಟ್ಟು ಬಹುಪಾಲನ್ನು ಬಿಸಿಗಾಳಿಯಾಗಿ ಬಿಡಬೇಕು. ಅದೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿಸಿದರೆ ಕಾರು ಹಲವು ಪಟ್ಟು ದೂರ ಹೋಗುತ್ತದೆ. ಆದರೆ ಅದರಲ್ಲಿ ಎಂಜಿನ್ ಇರುವುದಿಲ್ಲವಲ್ಲ!

ನಾರ್ವೆಯ ಕಥೆ ಇನ್ನೂ ಚೆನ್ನ. ನಿಷೇಧದ ಗೋಜಿಗೇ ಹೋಗದೆ, ತೆರಿಗೆಯನ್ನು ಅತ್ತಿತ್ತ ಸರಿಸಿಯೇ ಅದು ಕೆಲಸ ಮುಗಿಸಿತು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಪೂರ್ತಿ ವಿದ್ಯುತ್ತಿನವು. ಲೋಕವೆಲ್ಲ ಚಪ್ಪಾಳೆ ತಟ್ಟಿತು. ಚಪ್ಪಾಳೆಯ ಸದ್ದಿನಲ್ಲಿ, ಸಮುದ್ರದಡಿಯಿಂದ ತೆಗೆದ ಎಣ್ಣೆಯನ್ನು ಹಡಗುಗಳಲ್ಲಿ ತುಂಬಿ ಪರದೇಶಗಳಿಗೆ ಸಾಗಿಸುವ ಸದ್ದು ಯಾರಿಗೂ ಕೇಳಿಸಲಿಲ್ಲ. ತಮ್ಮ ಮನೆಯ ಗಾಳಿ ಶುದ್ಧವಾಗಿರಬೇಕೆಂಬ ಆಸೆ ಎಲ್ಲರಿಗೂ ಇರುವುದೇ.

ಇತ್ತ ಚರ್ಚೆ ಮಾತ್ರ ಭರ್ಜರಿಯಾಗಿ ನಡೆದಿದೆ. 2024ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಐದನೇ ಒಂದಕ್ಕಿಂತ ಹೆಚ್ಚು ಪಾಲು ಪ್ಲಗ್ ಇರುವಂಥವು ಎಂಬುದು ಚರ್ಚಿಸುವವರಿಗೆ ಅಡ್ಡಿಯಾಗಿಲ್ಲ. ಪೆಟ್ರೋಲ್ ಭಕ್ತರಿಗೆ ಈಚೆಗೆ, ಬ್ಯಾಟರಿಗಳಿಗಾಗಿ ಕೋಬಾಲ್ಟ್ ಲೋಹವನ್ನು ಅಗೆಯುವ ಕಾಂಗೋದ ಗಣಿ ಕಾರ್ಮಿಕರ ಮೇಲೆ ಅಪಾರ ಕರುಣೆ. ಪೆಟ್ರೋಲನ್ನು ಶುದ್ಧೀಕರಿಸಿ ಗಂಧಕ ತೆಗೆಯುವುದಕ್ಕೂ ಕೋಬಾಲ್ಟ್ ಬೇಕು ಎಂದರೆ ಆ ಕರುಣೆ ತಕ್ಷಣ ಬತ್ತುತ್ತದೆ. ಕಚೇರಿಗೆ ಹೋಗಿ ಮನೆಗೆ ಮರಳುವುದಷ್ಟೇ ಯಾತ್ರೆಯಾದ ಮಹನೀಯರೊಬ್ಬರು, ಎಲ್ಲೂ ನಿಲ್ಲದೆ ಸಾವಿರ ಕಿಲೋಮೀಟರ್ ಓಡಿಸಲಾಗದ ಕಾರು ತಮಗೆ ಬೇಡವೇ ಬೇಡ ಎನ್ನುತ್ತಾರೆ. ಅವರ ಮೂತ್ರಕೋಶದ ಸಾಮರ್ಥ್ಯವನ್ನು ಮೆಚ್ಚಬೇಕು.

ವಿದ್ಯುತ್ ಭಕ್ತರೇನು ಕಡಿಮೆಯೇ? ಭೂಮಿಯನ್ನು ಉಳಿಸಲು ಅವರಿಗೆ ಸಿಕ್ಕ ವಾಹನಗಳಲ್ಲಿ ಹಮ್ಮರ್ ಇವಿಯೂ ಒಂದು. ತೂಕ ನಾಲ್ಕು ಟನ್‌ಗೂ ಮಿಗಿಲು. ಬ್ಯಾಟರಿಯೊಂದೇ ಸುಮಾರು 1,300 ಕಿಲೋ. ಎಷ್ಟೋ ಸಣ್ಣ ಕಾರುಗಳು ಇಡಿಯಾಗಿ ಅಷ್ಟು ತೂಗುವುದಿಲ್ಲ. ಒಬ್ಬ ಮನುಷ್ಯ, ಅವನ ಕೈಯಲ್ಲೊಂದು ಪರಿಸರಸ್ನೇಹಿ ಬಟ್ಟೆ ಚೀಲ, ಅವೆರಡನ್ನೂ ಹೊರಲು ನಾಲ್ಕು ಟನ್. ಎರಡೂ ದೋಣಿಗಳಲ್ಲಿ ಕಾಲಿಟ್ಟ ಪ್ಲಗ್-ಇನ್ ಹೈಬ್ರಿಡ್ ಮಂದಿಯೂ ಇದ್ದಾರೆ. ಅವರ ಕಾರುಗಳು ರಸ್ತೆಯಲ್ಲಿ ಉಗುಳುವ ಇಂಗಾಲ, ಪ್ರಯೋಗಾಲಯದ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು ಎಂದು 2024ರಲ್ಲಿ ಐರೋಪ್ಯ ಆಯೋಗವೇ ಹೇಳಿತು. ಕಾರಣ ಗಹನವಾದದ್ದಲ್ಲ: ಪ್ಲಗ್ ಇರುವ ಕಾರನ್ನು ಪ್ಲಗ್‌ಗೆ ಚುಚ್ಚುವವರು ಕಡಿಮೆ.

ನಿಜ ಹೇಳಬೇಕೆಂದರೆ, ಯಾವುದು ಯಾವುದನ್ನು ಹೊರದಬ್ಬುತ್ತದೆ ಎಂಬ ಪ್ರಶ್ನೆಯೇ ಹಳಸಿದೆ. ಈ ಜಗಳದ ಮೊದಲ ಸುತ್ತು ನೂರು ವರ್ಷಗಳ ಹಿಂದೆಯೇ ಮುಗಿದಿದೆ. ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ದಾಟಿದ ಮೊದಲ ಕಾರು 1899ರ ವಿದ್ಯುತ್ ಕಾರು. ಆಗ ಪೆಟ್ರೋಲ್ ಕಾರಿನ ಹ್ಯಾಂಡಲ್ ತಿರುವಿ ಕೈ ಮುರಿದುಕೊಂಡವರಿದ್ದರು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು. ಎದುರಾಳಿಯ ಮೋಟಾರನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಪೆಟ್ರೋಲ್ ಕಾರು ಎದುರಾಳಿಯನ್ನು ಮನೆಗೆ ಕಳುಹಿಸಿತು. ಈಗ ಹೊಟ್ಟೆಯೊಳಗೆ ಸೇರಿಕೊಳ್ಳುವ ಸರದಿ ಪೆಟ್ರೋಲಿನದು.

ವಿದ್ಯುತ್ ಕಾರಿನ ದೊಡ್ಡ ಗುಣ ಮೌನ ಎಂದುಕೊಂಡಿದ್ದೆವು. ಡಾಡ್ಜ್ ಕಂಪನಿ ತನ್ನ ವಿದ್ಯುತ್ ಚಾರ್ಜರ್ ಡೇಟೋನಾ ಕಾರಿಗೆ ಕೃತಕ ಸೈಲೆನ್ಸರನ್ನೇ ಜೋಡಿಸಿದೆ. ಸದ್ದು ಅಡಗಿಸಲಲ್ಲ, ಹೊರಡಿಸಲು, 126 ಡೆಸಿಬೆಲ್‌ವರೆಗೆ. ಹ್ಯುಂಡೈನ ಅಯಾನಿಕ್ 5 ಎನ್ ಕಾರಿನಲ್ಲಿ ಗೇರ್ ಬದಲಿಸುವ ಅಗತ್ಯವೇ ಇಲ್ಲ. ಆದರೂ ಒಂದು ಗುಂಡಿ ಒತ್ತಿದರೆ ಇಲ್ಲದ ಎಂಟು ಗೇರುಗಳು ಪ್ರತ್ಯಕ್ಷವಾಗುತ್ತವೆ. ಸ್ಟಿಯರಿಂಗ್ ಹಿಂದಿನ ಪಟ್ಟಿಯನ್ನು ಎಳೆದಾಗ ಮೋಟಾರು ಕ್ಷಣ ತಡವರಿಸಿ, ಪ್ರಯಾಣಿಕರ ಕತ್ತನ್ನು ಒಮ್ಮೆ ಜಗ್ಗಿ, ಸ್ಪೀಕರಿನಲ್ಲಿ ಗುಡುಗಿ ಮುಂದೆ ಸಾಗುತ್ತದೆ. ಆ ಜಗ್ಗಾಟವನ್ನು ಹೋಗಲಾಡಿಸಲು ಎಂಜಿನಿಯರುಗಳು ನೂರು ವರ್ಷ ದುಡಿದಿದ್ದರು. ಅವರ ಮೊಮ್ಮಕ್ಕಳು ಸಾಫ್ಟ್‌ವೇರ್ ಬರೆದು ಅದನ್ನು ಮರಳಿ ತಂದಿದ್ದಾರೆ, ಹೆಚ್ಚಿನ ಸೌಲಭ್ಯ ಎಂಬ ಹೆಸರಿನಲ್ಲಿ.

ವಾಸನೆಯೊಂದು ಉಳಿದಿತ್ತು. ಫೋರ್ಡ್ ಕಂಪನಿ 2021ರಲ್ಲಿ ಅದನ್ನೂ ಪೂರೈಸಿತು. ವಿದ್ಯುತ್ ಕಾರು ಕೊಂಡು ಪೆಟ್ರೋಲಿನ ಘಮಕ್ಕಾಗಿ ಹಂಬಲಿಸುವವರಿಗೆಂದು ಒಂದು ಸುಗಂಧ ದ್ರವ್ಯವನ್ನೇ ತಯಾರಿಸಿ ಪ್ರದರ್ಶಿಸಿತು. ಅಂಗಡಿಗೆ ಮಾತ್ರ ಅದು ಬರಲಿಲ್ಲ.

ಸದ್ದು ಬಂತು, ಜಗ್ಗಾಟ ಬಂತು, ವಾಸನೆಯೂ ಸಿದ್ಧವಾಯಿತು. ಇನ್ನು ಹೊಗೆಯೊಂದು ಬಾಕಿ. ತಿಂಗಳ ಚಂದಾ ಕಟ್ಟಿದವರಿಗೆ ಅದನ್ನೂ ಕೊಡುವ ಯೋಜನೆ ಯಾವುದೋ ಕಂಪನಿಯ ಮೇಜಿನ ಮೇಲೆ ಈಗಾಗಲೇ ಇದ್ದೀತು. ಕಪ್ಪು ಹೊಗೆಗೆ ಸ್ವಲ್ಪ ಹೆಚ್ಚಿನ ದರ.