ಕಾಫಿಗೆ ಔಟ್‌ಟರ್ನ್ ನೋಡುವ ನಾವು ಪಾಲಿಸಿಗೆ ಯಾಕೆ ನೋಡುವುದಿಲ್ಲ?

ಕಣಕ್ಕೆ ಕಾಫಿ ವ್ಯಾಪಾರಿ ಬಂದರೆ ಮೊದಲು ಸ್ಯಾಂಪಲ್. ಮೂಟೆಯಿಂದ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ, ಮಾಯಿಶ್ಚರ್ ನೋಡುತ್ತಾರೆ. 50 ಕೆಜಿ ಮೂಟೆಗೆ ಬೀಜ 26 ಕೆಜಿ ಬಂತೋ 28 ಬಂತೋ, ಅದೇ ಔಟ್‌ಟರ್ನ್; ಅದರ ಅರ್ಧ ಪಾಯಿಂಟಿಗೂ ವಾದ ಮಾಡುತ್ತೇವೆ. ಮಾಡಲೇಬೇಕು, ವರ್ಷದ ದುಡಿಮೆ ಅದು. ಆದರೆ ಅದೇ ದುಡ್ಡು ಹಿಡಿದು ಬ್ಯಾಂಕಿಗೆ ಹೋದರೆ, ಪೆನ್ಸಿಲ್ ಗುರುತು ಇದ್ದಲ್ಲೆಲ್ಲ ಸಹಿ ಹಾಕಿ ಬಂದುಬಿಡುತ್ತೇವೆ.

2021ರ ಮಾರ್ಚ್‌ನಲ್ಲಿ ನಾನೂ ಹಾಗೇ ಬಂದೆ. ರೋಬಸ್ಟಾ ಕಾಫಿ ಮಾರಿದ ಹಣದಲ್ಲಿ ಒಂದು ಲಕ್ಷ ಎಫ್‌ಡಿ ಇಡಲು ಹೋಗಿದ್ದೆ. "ಇದೂ ಎಫ್‌ಡಿ ಥರಾನೇ, ಜೊತೆಗೆ ವಿಮೆ ಫ್ರೀ" ಅಂದರು ಬ್ಯಾಂಕಿನವರು. ಪಾಲಿಸಿಯ ಬಾಂಡ್ ಅಂಚೆಯಲ್ಲಿ ಬಂತು. ಹೂವಿಗೆ ಸ್ಪ್ರಿಂಕ್ಲರ್ ಓಡಿಸುವ ದಿನಗಳು, ರಾತ್ರಿಯೆಲ್ಲ ಪೈಪ್ ಬದಲಿಸುವುದೇ ಕೆಲಸ. ಕವರ್ ಒಡೆಯದೆ ಬೀರುವಿನಲ್ಲಿಟ್ಟೆ. ಮುಂದಿನ ಮಾರ್ಚ್‌ಗೆ ಫೋನ್ ಬಂತು, ಎರಡನೇ ಕಂತು ಕಟ್ಟಿ ಅಂತ. ಕವರ್ ಒಡೆದು ನೋಡಿದರೆ ಹತ್ತು ವರ್ಷ, ವರ್ಷಕ್ಕೊಂದು ಲಕ್ಷ! ಬೇಡ, ಹಣ ವಾಪಸ್ ಕೊಡಿ ಅಂದೆ. "ಸರೆಂಡರ್ ವ್ಯಾಲ್ಯೂ ಇನ್ನೂ ಬಂದಿಲ್ಲ" ಅಂದರು. ಆ ಪದ ನನ್ನ ಕಿವಿಗೆ ಬಿದ್ದಿದ್ದೇ ಅವತ್ತು.

ಸರೆಂಡರ್ ವ್ಯಾಲ್ಯೂ ಅಂದರೆ ಪಾಲಿಸಿಯನ್ನು ನಡುವೆ ಬಿಟ್ಟರೆ ಕೈಗೆ ಬರುವ ಮೊತ್ತ. ನನ್ನ ಪಾಲಿಸಿಯಲ್ಲಿ ಎರಡು ವರ್ಷ ಕಟ್ಟದಿದ್ದರೆ ಅದು ಸೊನ್ನೆ. ಒಂದು ಲಕ್ಷ ಹೋಯಿತು. 2024ರ ಅಕ್ಟೋಬರ್‌ನಿಂದ ನಿಯಮ ಬದಲಾಗಿ, ಒಂದು ವರ್ಷದ ಪೂರ್ತಿ ಪ್ರೀಮಿಯಂ ಕಟ್ಟಿದವರಿಗೂ ವರ್ಷ ಮುಗಿದ ಮೇಲೆ ಒಂದಷ್ಟು ಸಿಗುತ್ತದೆ. ಅದಕ್ಕಿಂತ ದೊಡ್ಡ ಮಾತು ಫ್ರೀ ಲುಕ್: ಪಾಲಿಸಿ ಕೈಸೇರಿದ ಮೇಲೆ ಓದಿ ನೋಡಿ ಬೇಡ ಎನ್ನಲು ಇರುವ ಅವಧಿ. ನನಗೆ 15 ದಿನ ಇತ್ತು, ಈಗ 30 ದಿನ. ಸಣ್ಣಪುಟ್ಟ ಖರ್ಚು ಕಳೆದು ಹಣ ವಾಪಸ್ ಬರುತ್ತದೆ. ಬಾಂಡ್ ಬಂದ ದಿನವೇ ಕವರ್ ಮೇಲೆ ತಾರೀಖು ಬರೆದಿಡಿ, ದಯವಿಟ್ಟು.

2024ರಲ್ಲಿ ರೋಬಸ್ಟಾ ಚೆರ್ರಿ ಮೂಟೆಗೆ ಹತ್ತು ಸಾವಿರ ದಾಟಿದ ಮೇಲೆ ಕೊಡಗಿನ ಮನೆಗಳ ಬಾಗಿಲಿಗೆ ಇಂಥ ಸ್ಕೀಮುಗಳು ಇನ್ನೂ ಹೆಚ್ಚು ಬರುತ್ತಿವೆ. ಬಡ್ಡಿಗೂ ಔಟ್‌ಟರ್ನ್ ಇದೆ ಅಂತ ತಿಳಿಯಿರಿ. ಎಫ್‌ಡಿಗೆ ಶೇ. 7 ಅಂದುಕೊಳ್ಳಿ. 20 ಪರ್ಸೆಂಟ್ ಸ್ಲ್ಯಾಬಿನಲ್ಲಿದ್ದರೆ ತೆರಿಗೆ ಕಳೆದು 5.6. ಆ ವರ್ಷ ಹಣದುಬ್ಬರ ಶೇ. 5 ಇದ್ದರೆ ನಿಜವಾಗಿ ಉಳಿದಿದ್ದು ಅರ್ಧ ಪರ್ಸೆಂಟ್ ಚಿಲ್ಲರೆ. ಎಫ್‌ಡಿ ಕೆಟ್ಟದ್ದು ಅಂತಲ್ಲ. ಮಗಳ ಫೀಸು, ಗೊಬ್ಬರ, ಕೂಲಿಯ ಹಣ ಅಲ್ಲೇ ಇರಬೇಕು, ಬೇಕೆಂದ ದಿನ ಮುರಿಯಬಹುದು. ಲಿಕ್ವಿಡಿಟಿ ಅನ್ನುವುದು ಇದಕ್ಕೇ. 2018ರ ಆಗಸ್ಟ್‌ನ ಮಳೆ ಕಂಡ ನಮಗೆ ಅದರ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಇನ್ನೊಂದು ವಿಷಯ. ಬ್ಯಾಂಕ್ ಠೇವಣಿಗೆ ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮೊದಲು ಅದು ಒಂದು ಲಕ್ಷ ಇತ್ತು. ನಮ್ಮೂರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಸಂಘದ ಮೇಲೆ ನನಗೆ ವಿಶ್ವಾಸ ಇದೆ, ಷೇರುದಾರ ಕೂಡ. ಆದರೂ ಎಲ್ಲ ಹಣ ಒಂದೇ ಕಡೆ ಇಡುವುದಿಲ್ಲ.

ಎಸ್‌ಐಪಿ ಮಾಡಿ, ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಇಷ್ಟು ಅಂತ ಹಾಕಿ, ಅಂತ ಎಲ್ಲರೂ ಹೇಳುತ್ತಾರೆ. ಅದು ತಿಂಗಳ ಸಂಬಳದವರಿಗೆ ಹೊಂದುವ ಲೆಕ್ಕ, ನಮಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ನಮಗೆ ಹೊಂದುವುದು ಎಸ್‌ಟಿಪಿ: ಹಣವನ್ನು ಮೊದಲು ಲಿಕ್ವಿಡ್ ಫಂಡಿಗೆ (ಬೇಕೆಂದಾಗ ಬೇಗ ತೆಗೆಯಬಹುದಾದ ಮ್ಯೂಚುವಲ್ ಫಂಡಿಗೆ) ಹಾಕಿ, ಅಲ್ಲಿಂದ ತಿಂಗಳಿಗಿಷ್ಟು ಅಂತ ಷೇರು ಫಂಡಿಗೆ ಹರಿಸುವುದು. ಐದಾರು ವರ್ಷ ಮುಟ್ಟದ ಹಣಕ್ಕೆ ಮಾತ್ರ, ಯಾಕೆಂದರೆ ಷೇರು ಫಂಡು ಇಳಿಯುವುದೂ ಉಂಟು.

ನಿನ್ನೆ ಪಕ್ಕದ ತೋಟದ ಹುಡುಗ ಒಂದು ಕವರ್ ಹಿಡಿದು ಬಂದಿದ್ದ. ಎಫ್‌ಡಿ ಅಂತಲೇ ಅಂದುಕೊಂಡಿದ್ದಾನೆ, ಒಳಗಿರುವುದು 12 ವರ್ಷದ ಪ್ರೀಮಿಯಂ. ಬಂದು 11 ದಿನ ಆಗಿದೆ, ಇನ್ನೂ 19 ದಿನ ಉಳಿದಿದೆ. ಸೋಮವಾರ ಬೆಳಿಗ್ಗೆ ಇಬ್ಬರೂ ಅರ್ಜಿ ಬರೆದುಕೊಂಡು ಹೋಗುತ್ತಿದ್ದೇವೆ.