ಕವಿತೆ ಇಷ್ಟವೇ? ಸ್ವಲ್ಪ ಅನುಮಾನ

ಕೆಲಸ ಕೊಡುವ ಮೊದಲು ‘ನಿಮ್ಮ ವ್ಯಕ್ತಿತ್ವ ಎಂಥದ್ದು ನೋಡೋಣ’ ಅಂತ ನೂರಾರು ಪ್ರಶ್ನೆ ಕಳಿಸುವ ಹುಚ್ಚು ಈಗ ಎಲ್ಲ ಕಡೆ ಇದೆ. ಈ ವಂಶದ ಹಿರಿಯರಲ್ಲೊಬ್ಬರು ಎಂಎಂಪಿಐ, ಪೂರ್ತಿ ಹೆಸರು ಮಿನೆಸೋಟ ಮಲ್ಟಿಫೇಸಿಕ್ ಪರ್ಸನಾಲಿಟಿ ಇನ್ವೆಂಟರಿ. ಮನಸ್ಸಿನ ಕಾಯಿಲೆ ಪತ್ತೆಹಚ್ಚಲು 1943ರಲ್ಲಿ ಅಮೆರಿಕದ ಮಿನೆಸೋಟದಿಂದ ಹೊರಬಂದ ಮಹಾ ಪರೀಕ್ಷೆ.

ಅದರಲ್ಲಿ ಒಂದೊಂದು ಗುಣಕ್ಕೆ ಅಂಕ ಹಾಕುವ ಪ್ರಶ್ನೆಗಳ ಗುಂಪಿಗೆ ಮಾಪಕ ಅಂತ ಹೆಸರು. ಐದನೇ ಮಾಪಕ ಹುಟ್ಟಿದ್ದೇ ಸಲಿಂಗಿ ಗಂಡಸರನ್ನು ಪತ್ತೆಹಚ್ಚಲು. ಎಷ್ಟು ಜನ ಸಲಿಂಗಿಗಳನ್ನು ನೋಡಿ ಕಟ್ಟಿದರು ಗೊತ್ತಾ? 13. ಗಂಡಸರು ಹೇಗಿರ್ತಾರೆ ಅಂತ ತಿಳಿಯಲು 54 ಸೈನಿಕರು. ಹೆಂಗಸರಿಗೆ ವಿಮಾನ ಕಂಪನಿಯ 67 ಮಹಿಳಾ ನೌಕರರು. ಮುಗೀತು, ಮನುಕುಲ ಪೂರ್ತಿ ಬಂತು.

ಪ್ರಶ್ನೆಗಳು ಇನ್ನೂ ಚೆನ್ನಾಗಿವೆ. ಅಡುಗೆ ಇಷ್ಟವೇ? ಕವಿತೆ ಇಷ್ಟವೇ? ಹೂವಿನ ವ್ಯಾಪಾರ ಮಾಡುವ ಆಸೆ ಇದೆಯೇ? ಹೌದು ಅಂದ ಗಂಡಸು ಒಂದೊಂದೇ ಅಂಕ ಹೆಣ್ಣಿನ ಕಡೆಗೆ ಜಾರುತ್ತಾನೆ. ನಮ್ಮಲ್ಲಾದರೆ ಮದುವೆ ಮನೆಯ ಅಡುಗೆ ಭಟ್ಟರು ಪಂಚೆ ಎತ್ತಿ ಕಟ್ಟಿ ಹೌದು ಅಂತಾರೆ. ಕೆ.ಆರ್. ಮಾರ್ಕೆಟ್ಟಿನ ಹೂವಿನವರು, ಆಸೆ ಏನ್ ಬಂತು, ಅಪ್ಪನ ಕಾಲದಿಂದ ಇದೇ ಅಂತಾರೆ. ಬೇಂದ್ರೆ, ಕುವೆಂಪು ಇಬ್ಬರೂ ಫೇಲು. ರಾತ್ರಿ ದ್ರೌಪದಿಯಾಗಿ ಕುಣಿದು, ಬೆಳಿಗ್ಗೆ ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಯಕ್ಷಗಾನದ ಸ್ತ್ರೀವೇಷದವರನ್ನು ಯಾವ ಕಡೆಗೆ ತಳ್ಳುತ್ತಿದ್ದರೋ, ಮಿನೆಸೋಟದವರೇ ಹೇಳಬೇಕು.

ಇನ್ನೂ ಮಜಾ ಇದೆ. ಉತ್ತರ ಪತ್ರಿಕೆಯ ಮೇಲೆ ‘ಗಂಡು’ ಅಂತ ಗುರುತು ಹಾಕಿದರೆ ಈ ಅಂಕ ಏರುತ್ತದೆ. ‘ಹೆಣ್ಣು’ ಅಂತ ಹಾಕಿದರೆ ಅದೇ ಉತ್ತರಗಳಿಗೆ ಇಳಿಯುತ್ತದೆ. ಹಾಗಾದರೆ ಟ್ರಾನ್ಸ್‌ಜೆಂಡರ್ ವ್ಯಕ್ತಿ ಗುರುತು ಎಲ್ಲಿ ಹಾಕಬೇಕು? ವಿಜ್ಞಾನ ಸ್ವಾಮಿ, ಕೈ ಮುಗೀಬೇಕು.

1957ರಲ್ಲೇ ಎವೆಲಿನ್ ಹೂಕರ್ ಎಂಬ ಮನಶ್ಶಾಸ್ತ್ರಜ್ಞೆ ಬೇರೆ ಪರೀಕ್ಷೆಗಳನ್ನಿಟ್ಟುಕೊಂಡು ಒಂದು ಕೆಲಸ ಮಾಡಿದ್ದರು. 30 ಸಲಿಂಗಿಗಳು, 30 ಇತರ ಗಂಡಸರು. ಉತ್ತರಗಳನ್ನು ನೋಡಿ ಯಾರು ಯಾವ ಗುಂಪು ಅಂತ ತಜ್ಞರಿಗೆ ಹೇಳಲಾಗಲಿಲ್ಲ. ಆದರೂ 1989ರಲ್ಲಿ ಎಂಎಂಪಿಐ ಪರಿಷ್ಕರಿಸಿದಾಗ ಐದನೇ ಮಾಪಕ ಉಳಿದೇ ಉಳಿಯಿತು. ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದ ಟಾರ್ಗೆಟ್ ಅಂಗಡಿಗಳಲ್ಲಿ ಸೆಕ್ಯೂರಿಟಿ ಕೆಲಸ ಕೇಳಿ ಬಂದವರಿಗೆ, ಎಂಎಂಪಿಐ ಪ್ರಶ್ನೆಗಳೂ ಸೇರಿದ್ದ ಒಂದು ಪರೀಕ್ಷೆಯಲ್ಲಿ, ನಿಮ್ಮದೇ ಲಿಂಗದವರ ಮೇಲೆ ಆಕರ್ಷಣೆ ಇದೆಯಾ ಅಂತ ಕೇಳುತ್ತಿದ್ದರು. ಶರ್ಟು ಕದ್ದು ಓಡುವವನನ್ನು ಹಿಡಿಯಲು ಇದು ಗೊತ್ತಿರಲೇಬೇಕು, ಅಲ್ವಾ? ಕೋರ್ಟಿಗೆ ಹೋದ ಮೇಲೆ ಬುದ್ಧಿ ಬಂತು. ಐದನೇ ಮಾಪಕವನ್ನು ಕೈಬಿಟ್ಟ ಎಂಎಂಪಿಐ ಬರಲು 2008 ಆಗಬೇಕಾಯಿತು; 2020ರ ಹೊಸದರಲ್ಲೂ ಅದು ಇಲ್ಲ. 1943ರಿಂದ ಲೆಕ್ಕ ಹಾಕಿಕೊಳ್ಳಿ.

ನಗು ಸಾಕು. ಹಳೆಯ ಪರೀಕ್ಷೆಯಲ್ಲಿ ಇನ್ನೊಂದು ಮಾತಿದೆ: ಜನ ನನ್ನ ಬಗ್ಗೆ ಮಾತಾಡಿಕೊಳ್ಳುತ್ತಾರೆ. ಸರಿಯೋ, ತಪ್ಪೋ? ಸರಿ ಅಂದರೆ ಸಂಶಯ ರೋಗದ ಅಂಕ ಏರುತ್ತದೆ. ಟ್ರಾನ್ಸ್ ಹೆಣ್ಣುಮಗಳೊಬ್ಬಳು ಬಸ್ ಹತ್ತಿದರೆ ಇಡೀ ಬಸ್ಸು ಮಾತಾಡುತ್ತದೆ. ಬಾಡಿಗೆ ಮನೆ ಕೇಳಿದರೆ ಬೀದಿ ಮಾತಾಡುತ್ತದೆ. ಅದನ್ನು ಇದ್ದ ಹಾಗೆ ಬರೆದರೆ ಕಾಯಿಲೆ ಅವಳಿಗೆ. ಹೋಗಲಿ, ಸುಳ್ಳು ಬರೆಯೋಣ ಅಂದರೆ ಅದನ್ನು ಹಿಡಿಯಲೂ ಬೇರೆ ಮಾಪಕ ಇಟ್ಟಿದ್ದಾರೆ. ಇನ್ನೇನು ಬರೀಬೇಕು ಅವಳು, ಹೇಳಿ.