ಮಾತ್ರೆ ನುಂಗಿದ ಮಾತ್ರಕ್ಕೆ ಫ್ಲೂ ಹೋಯಿತಾ?

ಇವತ್ತು ಆಫೀಸಿನಲ್ಲಿ ಪಕ್ಕದ ಸೀಟಿನವರು ಕೆಂಪು ಕಣ್ಣು ಮಾಡಿಕೊಂಡು ಬಂದರು. ಅಂಗೈ ಅಡ್ಡ ಹಿಡಿದು ಸೀನಿದರು. ಅದೇ ಕೈಯಲ್ಲಿ ಬಾಗಿಲ ಹಿಡಿ, ಅದೇ ಕೈಯಲ್ಲಿ ನೀರಿನ ಜಗ್ಗು, ಕೊನೆಗೆ ನನ್ನ ಮೇಜಿನ ಮೇಲಿದ್ದ ಪೆನ್ನು. "ಏನಿಲ್ಲ, ಸ್ವಲ್ಪ ಫ್ಲೂ. ಮಾತ್ರೆ ತಗೊಂಡಿದ್ದೀನಿ" ಅಂದರು. ಸುತ್ತ ಇದ್ದವರು "ಪಾಪ, ಕೆಲಸದ ಮೇಲೆ ಎಷ್ಟು ಶ್ರದ್ಧೆ" ಅಂದರು. ನನಗೆ ಮೈಯೆಲ್ಲ ಉರಿಯಿತು.

ಜ್ವರದ ಮಾತ್ರೆ ಇಳಿಸುವುದು ಮೈ ಬಿಸಿಯನ್ನು. ವೈರಸ್ ಒಳಗೆ ಹಾಗೇ ಇರುತ್ತದೆ. ಜ್ವರ ಶುರುವಾಗುವ ಹಿಂದಿನ ದಿನದಿಂದಲೇ ಅದು ಹರಡುತ್ತದೆ, ಆಮೇಲೂ 5ರಿಂದ 7 ದಿನ. ಹಿಂದಿನ ದಿನ ನಮಗೇ ಗೊತ್ತಿರುವುದಿಲ್ಲ, ಒಪ್ಪುತ್ತೇನೆ. ಗೊತ್ತಾದ ಮೇಲಾದರೂ ಮನೆಯಲ್ಲಿ ಇರಬಹುದಲ್ವಾ? ಮಾತ್ರೆ ಇಲ್ಲದೆ ಜ್ವರ ಬಿಟ್ಟು 24 ಗಂಟೆ ಆಗುವವರೆಗೆ ಹೊರಗೆ ಬರಬೇಡಿ ಅಂತ ಡಾಕ್ಟರುಗಳು ಸುಮ್ನೆ ಹೇಳುವುದಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹೇಳುತ್ತೇನೆ. ಅಪ್ಪನಿಗೆ ಫ್ಲೂ ಅಂಟಿಸಿದವನು ನಾನೇ. ಅವತ್ತು ನಾನೂ ಮಾತ್ರೆ ನುಂಗಿಯೇ ಹೋಗಿದ್ದೆ. ಬೆವರು ಬಿಟ್ಟಿತ್ತು, ವಾಸಿಯಾಯಿತು ಅಂದುಕೊಂಡು ಪಕ್ಕದಲ್ಲೇ ಕೂತು ಹರಟಿ, ಅವರ ಕನ್ನಡಕ ಒರೆಸಿಕೊಟ್ಟು ಬಂದೆ. ಮೂರನೇ ದಿನಕ್ಕೆ ಹಾಸಿಗೆ ಹಿಡಿದರು. ಅದು ನ್ಯುಮೋನಿಯಾಕ್ಕೆ ತಿರುಗಿತು. ಉಳಿದುಕೊಂಡರು, ಆದರೆ ಮೆಟ್ಟಿಲು ಹತ್ತುವಾಗ ಈಗಲೂ ಅರ್ಧಕ್ಕೆ ನಿಂತು ಕಂಬಿ ಹಿಡಿದುಕೊಳ್ಳುತ್ತಾರೆ. ನೋಡಿದಾಗಲೆಲ್ಲ ನನ್ನ ಕರುಳು ಕಿವುಚುತ್ತದೆ.

"ಫ್ಲೂ ಅಂದರೆ ನೆಗಡಿ ತಾನೇ" ಅನ್ನುವವರಿದ್ದಾರೆ. ಅಲ್ಲ. ಪ್ರತಿ ವರ್ಷ ಜಗತ್ತಿನಲ್ಲಿ 2,90,000ದಿಂದ 6,50,000 ಜನ ಇದರಿಂದ ಉಸಿರಾಟದ ತೊಂದರೆಯಾಗಿ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಸಿಕೆ ಹಾಕಿಸಿಕೊಂಡರೂ ಬರುತ್ತಲ್ಲಾ ಅನ್ನುತ್ತಾರೆ. ಬರಬಹುದು, ಆದರೆ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ. ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ, ಅದಕ್ಕೇ ಪ್ರತಿ ವರ್ಷ ಹಾಕಿಸಬೇಕು. ಆರು ತಿಂಗಳು ತುಂಬದ ಕೂಸಿಗೆ ಆ ಲಸಿಕೆಯನ್ನೂ ಕೊಡುವ ಹಾಗಿಲ್ಲ. ಅದನ್ನು ಕಾಯಬೇಕಾದವರು ಸುತ್ತಲಿನ ನಾವೇ.

ರಜೆ ಯಾರು ಕೊಡುತ್ತಾರೆ ಅಂತೀರಾ? ಅಂದು ದುಡಿದರೆ ಅಂದಿಗೆ ಊಟ ಅನ್ನುವವರ ಮಾತು ಬೇರೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ರಜೆ ಕೂಡಿಟ್ಟುಕೊಂಡೂ ಕೆಮ್ಮುತ್ತಾ ಬರುವವರಿಗೆ ಹೇಳುತ್ತಿದ್ದೇನೆ. ಅಂಥವರನ್ನು ಹೊಗಳುವವರಿಗೆ ಇನ್ನೂ ಜಾಸ್ತಿ ಹೇಳುತ್ತಿದ್ದೇನೆ.

ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದೆ. "ನಿಮ್ಮ ಕೆಲಸ ನಾನು ನೋಡ್ಕೋತೀನಿ, ದಯವಿಟ್ಟು ಮನೆಗೆ ಹೋಗಿ" ಅಂದೆ. ಅವರಿಗೆ ಬೇಜಾರಾಯಿತು. ಆಗಲಿ. ಸಂಜೆ ಅಪ್ಪನ ಹತ್ತಿರ ಹೋಗಬೇಕಿತ್ತು, ಫೋನ್ ಮಾಡಿ ಬರಲ್ಲ ಅಂದೆ. ನಾಲ್ಕು ದಿನ ಕಾಯುತ್ತೇನೆ. ನನಗೆ ಏನೂ ಆಗದಿದ್ದರೆ ಹೋಗುತ್ತೇನೆ.